ಕಡ್ಡಾಯ ರೊಟೀನ್: ಎಲ್ಲ ಮಕ್ಕಳಿಗೂ ಒಂದೇ ಹಾಡು, ಒಂದೇ ಹೆಜ್ಜೆ

ನ್ಯೂಜೆರ್ಸಿಯಲ್ಲಿರುವ ನಮ್ಮಕ್ಕನ ಮಗಳು ಜಿಮ್ನಾಸ್ಟಿಕ್ಸ್ ಕಲಿಯುತ್ತಾಳೆ. ಅವಳು ಲೆವೆಲ್ 3ರಲ್ಲಿದ್ದಾಗ ಒಂದು ಸ್ಪರ್ಧೆ ನೋಡಲು ನಾನೂ ಹೋಗಿದ್ದೆ. ಫ್ಲೋರ್ ಮೇಲೆ ಒಬ್ಬ ಹುಡುಗಿ ಬಂದು ನಿಂತಳು. ಹಾಡು ಶುರುವಾಯಿತು. ಕೈ ಬೀಸಿದಳು, ಜಿಗಿದಳು, ಪಲ್ಟಿ ಹೊಡೆದಳು, ಸುಮಾರು ಒಂದು ನಿಮಿಷದಲ್ಲಿ ಮುಗಿಸಿ ಹೋದಳು. ಎರಡನೆಯವಳು ಬಂದಳು. ಅದೇ ಹಾಡು, ಅದೇ ಹೆಜ್ಜೆ. ಮೂರನೆಯವಳಿಗೂ ಅದೇ. ಹತ್ತನೆಯವಳ ಹೊತ್ತಿಗೆ ಹಾಡು ನನಗೇ ಬಾಯಿಪಾಠ ಆಗಿತ್ತು. ‘ಇವರಿಗೆಲ್ಲ ಬೇರೆ ಹಾಡು ಸಿಗಲಿಲ್ವಾ?’ ಅಂತ ಅಕ್ಕನನ್ನು ಕೇಳಿದೆ. ‘ಇಲ್ಲ ಕಣೇ, ಇದು ಕಂಪಲ್ಸರಿ. ಇಡೀ ಅಮೆರಿಕದಲ್ಲಿ ಈ ಲೆವೆಲ್‌ಗೆ ಇದೇ ಹಾಡು’ ಅಂದಳು.

ಆ ‘ಕಂಪಲ್ಸರಿ’ಯನ್ನು ಕನ್ನಡದಲ್ಲಿ ಕಡ್ಡಾಯ ರೊಟೀನ್ ಅನ್ನಬಹುದು. ರೊಟೀನ್ ಅಂದರೆ ಒಂದು ಉಪಕರಣದ ಮೇಲೆ ಶುರುವಿನಿಂದ ಕೊನೆಯವರೆಗೆ ಮಾಡುವ ಚಲನೆಗಳ ಸರಣಿ. ಹುಡುಗಿಯರಿಗೆ ನಾಲ್ಕು ಉಪಕರಣ: ಓಡಿ ಬಂದು ಕೈಯೂರಿ ದಾಟುವ ವಾಲ್ಟ್, ಒಂದು ಎತ್ತರ ಒಂದು ತಗ್ಗು ಇರುವ ಎರಡು ಅಡ್ಡ ಸರಳುಗಳ ಅನ್‌ಈವನ್ ಬಾರ್ಸ್, ಕಿರಿದಾದ ಉದ್ದ ತೊಲೆಯಂಥ ಬೀಮ್, ನೆಲದ ಮೇಲೆ ಮಾಡುವ ಫ್ಲೋರ್. ಈ ಸರಣಿಯನ್ನು ಮಗುವೋ ಕೋಚೋ ಕಟ್ಟದೆ, ಕ್ರೀಡಾ ಸಂಸ್ಥೆಯೇ ಬರೆದು ‘ಎಲ್ಲರೂ ಇದನ್ನೇ, ಹೀಗೇ ಮಾಡಬೇಕು’ ಅಂತ ಕೊಟ್ಟರೆ ಅದು ಕಡ್ಡಾಯ ರೊಟೀನ್. ಮಗುವಿನ ಶಕ್ತಿಗೆ, ಇಷ್ಟಕ್ಕೆ ತಕ್ಕಂತೆ ನಾವೇ ಕಟ್ಟಿಕೊಂಡರೆ ಅದು ಆಪ್ಷನಲ್. ನಮ್ಮ ಡಿಗ್ರಿ ಕಾಲೇಜುಗಳ ‘ಐಚ್ಛಿಕ ಕನ್ನಡ’ದ ಐಚ್ಛಿಕವೇ ಇದಕ್ಕೂ ಸರಿಯಾದ ಮಾತು.

ಕಡ್ಡಾಯ ಅಂದ ಕೂಡಲೇ ನಮಗೆ ಯಾರೋ ಬಲವಂತ ಮಾಡಿದ ಹಾಗೆ ಕೇಳಿಸುತ್ತದೆ. ಇಲ್ಲಿ ಅದಕ್ಕೆ ಎಲ್ಲರೂ ಕಲಿಯಬೇಕಾದ ಪಾಠ ಅನ್ನುವ ಅರ್ಥ. ಸಂಗೀತ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಊರಿನ ಯಾವ ಗುರುಗಳ ಹತ್ತಿರ ಹೋದರೂ ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಅಲಂಕಾರ. ಪುರಂದರದಾಸರು ಹಾಕಿಕೊಟ್ಟರು ಅಂತ ನಾವು ನಂಬಿಕೊಂಡು ಬಂದ ದಾರಿ ಅದು. ರಾಗ ಬೆಳೆಸುವ ಸ್ವಾತಂತ್ರ್ಯ ಆಮೇಲೆ ಬರುತ್ತದೆ. ಯೋಗಾಸನ ಸ್ಪರ್ಧೆಗಳಲ್ಲೂ ಹೀಗೇ ಕಡ್ಡಾಯ ಆಸನಗಳು ಬೇರೆ, ಆಯ್ಕೆಯ ಆಸನಗಳು ಬೇರೆ ಇರುತ್ತವೆ.

ಕಡ್ಡಾಯ ರೊಟೀನಿನಲ್ಲಿ ಅಡಗಿಕೊಳ್ಳಲು ಜಾಗ ಇಲ್ಲ. ಐಚ್ಛಿಕದಲ್ಲಿ ಒಂದು ಜಿಗಿತ ಸರಿಯಾಗಿ ಬರದಿದ್ದರೆ ಬೇರೆ ಜಿಗಿತ ಹಾಕಿಕೊಳ್ಳಬಹುದು. ಇಲ್ಲಿ ಹಾಗಾಗಲ್ಲ. ಅಮೆರಿಕದ ಮಕ್ಕಳ ಕಡ್ಡಾಯ ಲೆವೆಲ್‌ಗಳಲ್ಲಿ ಎಲ್ಲರೂ 10 ಅಂಕದಿಂದ ಶುರು ಮಾಡುತ್ತಾರೆ. ಜಡ್ಜ್ ಅದರಿಂದ ಕಳೆಯುತ್ತಾ ಹೋಗುತ್ತಾರೆ. ಬಿದ್ದರೆ 0.50. ಮಂಡಿ ಬಗ್ಗಿದರೆ 0.30ರವರೆಗೆ. ಒಂದು ಮುಖ್ಯ ಅಂಶವನ್ನೇ ಮರೆತರೆ ಅದರ ಬೆಲೆಯ ಎರಡು ಪಟ್ಟು. 0.60 ಬೆಲೆಯದನ್ನು ಬಿಟ್ಟರೆ 1.20 ಹೋಯಿತು. ನನ್ನ ಅಕ್ಕನ ಮಗಳು ಅಡುಗೆಮನೆ ನೆಲದ ಟೈಲ್ಸ್ ಗೆರೆಯನ್ನೇ ಬೀಮ್ ಮಾಡಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಕೈ ಎಲ್ಲೋ ಒಂದು ಕಡೆ ಇರಲಿ ಬಿಡು ಅಂದಿದ್ದಕ್ಕೆ, ‘ಹಾಗಲ್ಲ ಚಿಕ್ಕಮ್ಮಾ, ಇಲ್ಲಿ ಕೈ ಕಿವಿ ಪಕ್ಕ ಇರ್ಬೇಕು, ಆಮೇಲೆ ಸೈಡಿಗೆ ಬರ್ಬೇಕು, ಹಾಗೇ ಬರ್ದಿದೆ’ ಅಂದಳು. ಬರೆದಿದೆ ಅನ್ನುವುದು ನಿಜ. ಕಾಲು ಎಷ್ಟು ಎತ್ತರ, ತಲೆ ಯಾವ ಕಡೆ, ಯಾವ ತಾಳಕ್ಕೆ ಯಾವ ಹೆಜ್ಜೆ, ಎಲ್ಲವೂ ಪುಸ್ತಕದಲ್ಲಿದೆ.

ಈಗ ಇದು ಮಕ್ಕಳ ಪಾಠ. ಆದರೆ ಒಂದು ಕಾಲದಲ್ಲಿ ಇದು ವಿಶ್ವ ಚಾಂಪಿಯನ್‌ಗಳ ಪರೀಕ್ಷೆಯೂ ಆಗಿತ್ತು. ಒಲಿಂಪಿಕ್ಸ್‌ನಲ್ಲಿ ತಂಡದ ಸ್ಪರ್ಧೆ ಎಂದರೆ ಎರಡು ಸುತ್ತು: ಮೊದಲು ಕಡ್ಡಾಯ, ಆಮೇಲೆ ಐಚ್ಛಿಕ. ಎರಡರ ಅಂಕವನ್ನೂ ಕೂಡಿಸುತ್ತಿದ್ದರು. ಕಡ್ಡಾಯದ ರೊಟೀನುಗಳನ್ನು ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ 4 ವರ್ಷದ ಒಲಿಂಪಿಕ್ ಸುತ್ತಿಗೆ ಒಮ್ಮೆ ಹೊಸದಾಗಿ ಕೊಡುತ್ತಿತ್ತು.

1976ರ ಮಾಂಟ್ರಿಯಲ್ ನೆನಪಿದೆಯಲ್ವಾ? ಜುಲೈ 18ರಂದು ರೊಮೇನಿಯಾದ ನಾಡಿಯಾ ಕೊಮನೆಚಿ, 14 ವರ್ಷದ ಹುಡುಗಿ, ಅನ್‌ಈವನ್ ಬಾರ್ಸ್ ಮೇಲೆ ಪೂರ್ತಿ 10 ಪಡೆದಳು. ಒಲಿಂಪಿಕ್ ಮಹಿಳಾ ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಮೊದಲ 10. ಅಂಕ ತೋರಿಸುವ ಫಲಕಕ್ಕೆ 10.00 ಬರೆಯಲು ಬರುತ್ತಿರಲಿಲ್ಲ, 1.00 ಅಂತ ತೋರಿಸಿತು. ಈ ಕತೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಆ 10 ಬಂದದ್ದು ಕಡ್ಡಾಯ ರೊಟೀನಿಗೆ. ಆ ದಿನ ಬಾರ್ಸ್ ಏರಿದ ಪ್ರತಿ ಹುಡುಗಿಯೂ ಮಾಡಿದ್ದು ಅದೇ ಸರಣಿ. ನಾಡಿಯಾ ಹೊಸ ಸಾಹಸ ಏನೂ ಮಾಡಲಿಲ್ಲ. ಎಲ್ಲರೂ ಮಾಡಿದ್ದನ್ನೇ ಒಂದೂ ತಪ್ಪಿಲ್ಲದೆ ಮಾಡಿದಳು. ನನಗೆ ಇದು ಗೊತ್ತಾದ ದಿನ ಆ ಹಳೆಯ ವಿಡಿಯೋವನ್ನು ಮತ್ತೆ ಹಾಕಿಕೊಂಡು ನೋಡಿದೆ. ಕಾಲಿನ ಬೆರಳ ತುದಿಯವರೆಗೂ ನೇರ ಗೆರೆ. ಕಡ್ಡಾಯ ರೊಟೀನ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಅದನ್ನೇ ತೋರಿಸುತ್ತೇನೆ.

ದೊಡ್ಡವರ ಕಡ್ಡಾಯ ಸುತ್ತು ಕೊನೆಯ ಸಲ ಒಲಿಂಪಿಕ್ಸ್‌ನಲ್ಲಿ ಕಂಡಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಕಡ್ಡಾಯ ಮುಗಿದಾಗ ಮಹಿಳೆಯರ ತಂಡದಲ್ಲಿ ರಷ್ಯಾ ಕೂದಲೆಳೆಯಷ್ಟು ಮುಂದಿತ್ತು. ಐಚ್ಛಿಕದಲ್ಲಿ ಅಮೆರಿಕದ ಹುಡುಗಿಯರು ದಾಟಿ ಚಿನ್ನ ಗೆದ್ದರು. 1997ರಿಂದ ಕಡ್ಡಾಯ ಸುತ್ತು ಇಲ್ಲ.  ಒಂದೇ ರೊಟೀನನ್ನು ದಿನವಿಡೀ ಟಿವಿಯಲ್ಲಿ ಯಾರು ನೋಡುತ್ತಾರೆ ಅನ್ನುವುದು ಅದಕ್ಕೆ ಹೇಳುವ ಒಂದು ಕಾರಣ. ಎರಡೆರಡು ರೊಟೀನ್ ಸೆಟ್ ತಯಾರು ಮಾಡುವುದು ಜಾಸ್ತಿ ಸಮಯ ತಿನ್ನುತ್ತಿತ್ತು ಅನ್ನುವುದು ಇನ್ನೊಂದು. ಫಿಗರ್ ಸ್ಕೇಟಿಂಗ್‌ನಲ್ಲೂ ಹೀಗೇ ಆಯಿತು. ಮಂಜುಗಡ್ಡೆಯ ಮೇಲೆ ವೃತ್ತ, ಎಂಟರ ಆಕಾರ ಕೊರೆಯುವ ಕಡ್ಡಾಯ ‘ಫಿಗರ್’ಗಳಿಂದಲೇ ಆ ಆಟಕ್ಕೆ ಹೆಸರು ಬಂದದ್ದು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವು 1990ಕ್ಕೆ ಮುಗಿದವು. ಹೆಸರು ಮಾತ್ರ ಉಳಿಯಿತು.

ಮೇಲಿನ ಮಟ್ಟದಲ್ಲಿ ಹೋದ ಕಡ್ಡಾಯ ಕೆಳಗೆ, ಮಕ್ಕಳಲ್ಲಿ ಉಳಿಯಿತು. ಅಂತರರಾಷ್ಟ್ರೀಯ ಒಕ್ಕೂಟದ ಮಕ್ಕಳ ಕಾರ್ಯಕ್ರಮದಲ್ಲಿ ಇವತ್ತಿಗೂ ಕಡ್ಡಾಯ ರೊಟೀನ್‌ಗಳಿವೆ. ನನಗೆ ಹತ್ತಿರದಿಂದ ಗೊತ್ತಿರುವುದು ಅಮೆರಿಕದ ಹುಡುಗಿಯರ ಪದ್ಧತಿ. ಅಲ್ಲಿ ಆಗಿರುವ ಬದಲಾವಣೆ ನೋಡಿದರೆ ಈ ಪದದ ಅರ್ಥ ಹೇಗೆ ಮೆತ್ತಗಾಗುತ್ತಾ ಬಂತು ಅನ್ನುವುದು ಕಾಣುತ್ತದೆ.

ಅಲ್ಲಿ 1ರಿಂದ 10ರವರೆಗೆ ಲೆವೆಲ್‌ಗಳು. ಇದನ್ನು ತುಂಬ ವರ್ಷ ಜೂನಿಯರ್ ಒಲಿಂಪಿಕ್ ಪ್ರೋಗ್ರಾಂ ಅಂತ ಕರೆಯುತ್ತಿದ್ದರು, ಈಗ ಡೆವಲಪ್‌ಮೆಂಟ್ ಪ್ರೋಗ್ರಾಂ ಅನ್ನುತ್ತಾರೆ. ಕೆಳಗಿನ ಲೆವೆಲ್‌ಗಳು ಕಡ್ಡಾಯ, ಮೇಲಿನವು ಐಚ್ಛಿಕ. ಕಡ್ಡಾಯ ರೊಟೀನುಗಳನ್ನು ಈಗ 8 ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ: 2005, 2013, 2021. ಸದ್ಯದ್ದು 2029ರವರೆಗೆ. ದೊಡ್ಡವರಿಗೆ ಇದ್ದ 4 ವರ್ಷದ ಲೆಕ್ಕಕ್ಕಿಂತ ಇದು ಉದ್ದ, ಮತ್ತು ನನಗೆ ಇದೇ ಸರಿ ಅನಿಸುತ್ತದೆ. ಒಂದು ರೊಟೀನ್ ಬದಲಾದರೆ ಕೋಚ್ ಕಲಿಯಬೇಕು, ಜಡ್ಜ್ ಕಲಿಯಬೇಕು, ಹಾಡು ಬದಲಾಗಬೇಕು. ಮಗುವಿನ ಮೈಗೆ ಹತ್ತಿದ ಅಭ್ಯಾಸವನ್ನು ಬಿಡಿಸಿ ಹೊಸದು ಹತ್ತಿಸಬೇಕು. ಇದು ಅಷ್ಟು ಸುಲಭದ ಕೆಲಸ ಅಲ್ಲ.

ದೊಡ್ಡ ತಿರುವು ಬಂದದ್ದು 2013ರಲ್ಲಿ. ಅದಕ್ಕೆ ಮೊದಲು ಲೆವೆಲ್ 6ರವರೆಗೂ ಕಡ್ಡಾಯವೇ. 7ಕ್ಕೆ ಬಂದ ಮೇಲಷ್ಟೇ ಹುಡುಗಿಗೆ ತನ್ನದೇ ಹಾಡು, ತನ್ನದೇ ಕುಣಿತ. 2013ರಲ್ಲಿ ಕಡ್ಡಾಯವನ್ನು 5ಕ್ಕೆ ನಿಲ್ಲಿಸಿದರು. ಲೆವೆಲ್ 6 ಐಚ್ಛಿಕ ಆಯಿತು, ಸುಲಭದ ಕೌಶಲಗಳಷ್ಟೇ ಸಾಕು ಅನ್ನುವ ಮಿತಿಯೊಂದಿಗೆ. ಜೊತೆಗೆ ಸಂಖ್ಯೆಗಳೂ ಸರಿದವು. ಹಳೆಯ 4 ಹೆಚ್ಚುಕಡಿಮೆ ಹೊಸ 3 ಆಯಿತು, ಹಳೆಯ 5 ಹೊಸ 4, ಹಳೆಯ 6 ಹೊಸ 5. ಒಂದು ಮನೆಯ ಊಟದ ಮೇಜಿನಲ್ಲಿ ಇದು ಹೇಗಿದ್ದಿರಬೇಕು ಅಂತ ಯೋಚಿಸಿ. ಹೋದ ವರ್ಷ ಲೆವೆಲ್ 5 ಅಂತ ಹೆಮ್ಮೆಯಿಂದ ಹೇಳಿಕೊಂಡ ಮಗು ಈ ವರ್ಷ ಲೆವೆಲ್ 4. ಹಿಂದೆ ಬಿದ್ದಿಲ್ಲ, ಕಲಿತದ್ದೇನೂ ಹೋಗಿಲ್ಲ, ಸಂಖ್ಯೆ ಮಾತ್ರ ಇಳಿಯಿತು. ಅದನ್ನು 8 ವರ್ಷದ ಮಗುವಿಗೆ ಅರ್ಥ ಮಾಡಿಸುವುದು ಕಷ್ಟವೇ. ಆದರೂ ಒಂದು ಹಂತ ಮೊದಲೇ ಸ್ವಂತ ರೊಟೀನ್ ಸಿಗುವ ಹಾಗಾಯಿತು. ಅದಕ್ಕೆ ಬೆಲೆ ಇದೆ.

ರೊಟೀನಿನ ಒಳಗೂ ಬದಲಾವಣೆ ಆಗಿದೆ. ಅದಕ್ಕೆ ಒಂದು ಕಾರಣ ಉಪಕರಣವೇ. ನಾಡಿಯಾ ಕಾಲದಲ್ಲಿ ಎರಡು ಬಾರ್‌ಗಳು ಹತ್ತಿರ ಹತ್ತಿರ ಇದ್ದವು. ಮೇಲಿನ ಬಾರ್‌ನಿಂದ ತೂಗಿ ಬಂದು ಸೊಂಟವನ್ನು ಕೆಳಗಿನ ಬಾರ್‌ಗೆ ಸುತ್ತಿಕೊಳ್ಳುತ್ತಿದ್ದರು. ಬಾರ್‌ಗಳ ನಡುವೆ ಅಂತರ ಹೆಚ್ಚಾದ ಮೇಲೆ ಆ ಚಲನೆಗಳೇ ಹೋದವು. ವಾಲ್ಟ್‌ನಲ್ಲೂ ಹಳೆಯ ಕುದುರೆ ಆಕಾರದ ಉಪಕರಣದ ಬದಲು 2001ರಿಂದ ಅಗಲವಾದ ಟೇಬಲ್ ಬಂತು. ಈಗಿನ ಲೆವೆಲ್ 3ರ ಮಕ್ಕಳು ಟೇಬಲ್ ಕೂಡ ದಾಟುವುದಿಲ್ಲ. ಓಡಿ ಬಂದು, ಸ್ಪ್ರಿಂಗ್‌ಬೋರ್ಡ್ ಒದ್ದು, ಒಂದರ ಮೇಲೊಂದು ಪೇರಿಸಿದ ಮ್ಯಾಟ್ ಮೇಲೆ ತಲೆಕೆಳಗಾಗಿ ಕೈಯೂರಿ ನಿಂತು, ಹಾಗೇ ಮರದ ಹಲಗೆಯ ಹಾಗೆ ಬೆನ್ನಿನ ಮೇಲೆ ಬೀಳುತ್ತಾರೆ. ಮೈ ಬಿಗಿಯಾಗಿದ್ದರೆ ‘ಧಪ್’ ಅಂತ ಒಂದೇ ಸದ್ದು. ಸೊಂಟ ಸಡಿಲವಾದರೆ ಎರಡು ಸದ್ದು. ನಾನು ಕಣ್ಣು ಮುಚ್ಚಿಕೊಂಡೂ ಚೆನ್ನಾಗಾಯಿತೋ ಇಲ್ಲವೋ ಹೇಳುವಷ್ಟು ಆ ಸದ್ದು ಕೇಳಿದ್ದೇನೆ. ಲೆವೆಲ್ 4ಕ್ಕೆ ಬಂದಾಗ ಅದೇ ಚಲನೆ ಕೈಯೂರಿ ಟೇಬಲ್ ದಾಟಿ ಕಾಲ ಮೇಲೆ ನಿಲ್ಲುವ ಹ್ಯಾಂಡ್‌ಸ್ಪ್ರಿಂಗ್ ಆಗುತ್ತದೆ.

ಫ್ಲೋರ್‌ನಲ್ಲೂ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. ಲೆವೆಲ್ 3ರಲ್ಲಿ ರೌಂಡ್‌ಆಫ್ (ಓಡಿ ಬಂದು ಕೈಯೂರಿ ಪಕ್ಕಕ್ಕೆ ಉರುಳಿ, ಎರಡೂ ಕಾಲು ಜೋಡಿಸಿ ಇಳಿಯುವುದು) ಮತ್ತು ಒಂದು ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ಜಿಗಿದು ಕೈಯೂರಿ ಮತ್ತೆ ಕಾಲ ಮೇಲೆ ಬರುವುದು). 4ರಲ್ಲಿ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಎರಡು. 5ರಲ್ಲಿ ಎರಡನೆಯದರ ಜಾಗದಲ್ಲಿ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ. ಈ ಜೋಡಣೆ ನೋಡಿದರೆ ಬರೆದವರ ಮೇಲೆ ಗೌರವ ಬರುತ್ತದೆ. ಇದನ್ನು ಸುಮ್ನೆ ಯಾರೋ ಕೂತು ಗೀಚಿದ್ದಲ್ಲ.

ಆದರೆ ಬಾರ್ಸ್‌ನ ಮಿಲ್ ಸರ್ಕಲ್ ಬಗ್ಗೆ ನನಗೆ ಆ ಮಾತು ಹೇಳಲು ಆಗುವುದಿಲ್ಲ. ಬಾರ್‌ನ ಆಚೆಗೊಂದು ಈಚೆಗೊಂದು ಕಾಲು ಹಾಕಿ, ಗಾಣದ ಹಾಗೆ ಒಂದು ಸುತ್ತು ತಿರುಗುವುದು. ಮಕ್ಕಳ ಕಡ್ಡಾಯ ರೊಟೀನುಗಳಲ್ಲಿ ಇದು ತುಂಬ ಹಳೆಯದು. ತೊಡೆ ಕೆಂಪಾಗುತ್ತದೆ, ಮಕ್ಕಳು ಅಳುತ್ತಾರೆ. ಮುಂದೆ ದೊಡ್ಡ ಸ್ಪರ್ಧೆಗಳ ರೊಟೀನಿನಲ್ಲಿ ಇದನ್ನು ನೋಡುವುದೇ ಇಲ್ಲ ಅನ್ನಬಹುದು. ಧೈರ್ಯ ಕಲಿಸುತ್ತದೆ ಅನ್ನುವ ಕೋಚ್‌ಗಳಿದ್ದಾರೆ. ಕಡ್ಡಾಯ ಅಂದ ಮೇಲೆ ಅದು ಮುಂದಿನ ಪಾಠಕ್ಕೆ ದಾರಿಯಾಗಬೇಕು ಅನ್ನುವುದು ನನ್ನ ಅಭಿಪ್ರಾಯ.

ತೂಗಿ ಬಾರ್ ಮೇಲೆ ಏರುವ ಕಿಪ್ ಹಾಗಲ್ಲ. ಅದು ಎಲ್ಲಿಗೂ ಬೇಕು. ಕೆಳಗಿನ ಬಾರ್ ಹಿಡಿದು ಮುಂದಕ್ಕೆ ಜಾರುತ್ತಾರೆ, ಪಾದ ನೆಲಕ್ಕೆ ತಾಗಿಯೂ ತಾಗದ ಹಾಗೆ. ಮೈ ಪೂರ್ತಿ ಉದ್ದವಾದ ಕ್ಷಣದಲ್ಲಿ ಕಾಲನ್ನು ಬಾರ್ ಹತ್ತಿರ ತರಬೇಕು. ಹಿಂದಕ್ಕೆ ತೂಗುವಾಗ ಬಾರ್ ಕಣಕಾಲಿನಿಂದ ತೊಡೆಯವರೆಗೆ ಸವರಿಕೊಂಡು ಬರಬೇಕು, ಪ್ಯಾಂಟ್ ಮೇಲಕ್ಕೆ ಎಳೆದುಕೊಂಡ ಹಾಗೆ. ಮೊಣಕೈ ಬಗ್ಗಿಸದೆ ಮೇಲೆ ಬಂದರೆ ಕಿಪ್. ಕೆಲವು ಮಕ್ಕಳಿಗೆ ಇದು ಬರಲು ಒಂದು ವರ್ಷವೂ ಹಿಡಿಯುತ್ತದೆ.

ಅದಕ್ಕೇ ಲೆವೆಲ್ 3ರಲ್ಲಿ ಒಂದು ಆಯ್ಕೆ ಇಟ್ಟಿದ್ದಾರೆ. ಬಾರ್ ಏರಲು ಕಿಪ್ ಮಾಡಬಹುದು, ಬರದಿದ್ದರೆ ಕಾಲನ್ನು ಬಾರ್ ಮೇಲೆ ಸುತ್ತಿ ಏರುವ ಪುಲ್‌ಓವರ್ ಮಾಡಬಹುದು. ಕಡ್ಡಾಯದೊಳಗೆ ಆಯ್ಕೆ! ಪದದ ಅರ್ಥ ಸಡಿಲವಾದದ್ದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಡ. ಇನ್ನೊಂದು ಕಡೆಯಿಂದ ಎಕ್ಸೆಲ್ ಅನ್ನುವ ಬೇರೆ ದಾರಿಯೇ ಇದೆ. ಅಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ವಿಭಾಗಗಳು. ಶುರುವಿನಿಂದಲೇ ಮಗು ತನಗೆ ಬರುವುದನ್ನು ಇಟ್ಟುಕೊಂಡು ತನ್ನ ರೊಟೀನ್ ಕಟ್ಟಿಕೊಳ್ಳಬಹುದು. ವಾರಕ್ಕೆ ಕಡಿಮೆ ಗಂಟೆ ಅಭ್ಯಾಸ ಮಾಡುವ ಎಷ್ಟೋ ಮಕ್ಕಳು ಇದರಿಂದಾಗಿ ಆಟದಲ್ಲಿ ಉಳಿದಿದ್ದಾರೆ. ಕಡ್ಡಾಯದ ಬಗ್ಗೆ ನನಗೆ ಎಷ್ಟೇ ಪ್ರೀತಿ ಇದ್ದರೂ, ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿಗೆ ಹಾಕಿ 7 ವರ್ಷಕ್ಕೇ ಆಟ ಬಿಡಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ನಾನು ನೋಡಿದ ಆ ಸ್ಪರ್ಧೆಯಲ್ಲಿ ನಮ್ಮ ಹುಡುಗಿ ಪುಲ್‌ಓವರ್ ಮಾಡಿದಳು. ಕಿಪ್ ಇನ್ನೂ ಕೂತಿರಲಿಲ್ಲ. ಎರಡು ತಿಂಗಳ ನಂತರ ಒಂದು ರಾತ್ರಿ ಅಕ್ಕ ವಿಡಿಯೋ ಕಳಿಸಿದಳು, 6 ಸೆಕೆಂಡಿನದು. ಜಾರಿದಳು, ಕಾಲು ಬಂತು, ಮೊಣಕೈ ಸ್ವಲ್ಪ ಬಗ್ಗಿತು, ಆದರೆ ಮೇಲೆ ಬಂದಳು. ಕೆಳಗೆ ಹಾರಿ ಬಂದವಳೇ ಕ್ಯಾಮೆರಾ ಕಡೆ ಓಡಿ, ‘ಚಿಕ್ಕಮ್ಮಾ, ನೋಡ್ದೆಯಾ? ಕಿಪ್!’ ಅಂದಳು.