ಚಿಲ್ಲಮ್‌ನ ಚಟ, ಕೃಷ್ಣನ 500 ರೂಪಾಯಿ

ಮೀರಾ ನಾಯರ್ ಅವರ ‘ಸಲಾಂ ಬಾಂಬೆ’ 1988ರಲ್ಲಿ ತೆರೆಗೆ ಬಂತು. ಕಾನ್ ಚಿತ್ರೋತ್ಸವದ ಪ್ರಶಸ್ತಿಯನ್ನೂ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಅದರಲ್ಲಿ ಮುಂಬೈಯ ಬೀದಿ ಹುಡುಗ ಕೃಷ್ಣನ ಪಾತ್ರ ಮಾಡಿದ ಶಫೀಕ್ ಸೈಯದ್ ಬೆಂಗಳೂರಿನ ಕೊಳೆಗೇರಿಯಿಂದ ಮುಂಬೈಗೆ ಓಡಿಹೋಗಿದ್ದ ಹುಡುಗ. ರಾಷ್ಟ್ರಪ್ರಶಸ್ತಿ ಬಂದರೂ ಅವಕಾಶಗಳು ಬರಲಿಲ್ಲ. ಮುಂದೆ ಅವರು ಬೆಂಗಳೂರಿನಲ್ಲೇ ಆಟೊ ಓಡಿಸಿ ಸಂಸಾರ ಸಾಕಿದರು.

ಚಿತ್ರದಲ್ಲಿ, ಮಾಡಿದ ನಷ್ಟಕ್ಕೆ 500 ರೂಪಾಯಿ ತಾರದೆ ಮನೆಗೆ ಬರಬೇಡ ಎಂದ ತಾಯಿಯ ಬಳಿಗೆ ಹೋಗಲು ಕೃಷ್ಣ ಚಹಾ ಮಾರುತ್ತಾನೆ. ಅವನ ಗೆಳೆಯ ಚಿಲ್ಲಮ್ (ರಘುವೀರ್ ಯಾದವ್) ಬಾಬಾ ಎಂಬವನಿಗಾಗಿ ಮಾದಕ ವಸ್ತು ಮಾರುತ್ತ ತಾನೇ ಅದಕ್ಕೆ ದಾಸನಾದವನು. ಕೃಷ್ಣ ಕೂಡಿಟ್ಟ ಹಣವನ್ನು ಕದಿಯುವವನೂ ಅವನೇ. ಆದರೂ ನನಗೆ ಚಿಲ್ಲಮ್ ಖಳನಾಗಿ ಕಾಣುವುದಿಲ್ಲ. ಹೆರಾಯಿನ್ ಸಿಗದೆ ಒಂದು ದಿನ ಕಳೆಯುವಷ್ಟರಲ್ಲಿ ಮೈಕೈ ನೋವು, ವಾಂತಿ, ಭೇದಿ ಶುರುವಾಗುತ್ತವೆ, ನಿದ್ದೆ ಹಾರಿಹೋಗುತ್ತದೆ. ಮನೆಯಿದ್ದವನನ್ನು ಆ ದಿನಗಳಲ್ಲಿ ಯಾರಾದರೂ ನೋಡಿಕೊಂಡಾರು. ಫುಟ್‌ಪಾತಿನಲ್ಲಿ ಮಲಗುವವನಿಗೆ ನೋವು ನಿಲ್ಲಿಸಲು ಕೈಗೆಟುಕುವುದು ಇನ್ನೊಂದು ಪುಡಿ ಮಾತ್ರ, ಅದನ್ನು ಕೊಡುವವನು ಮತ್ತೆ ಬಾಬಾನೇ. ಈ ಸುತ್ತಿನಿಂದ ಹೊರಬರಲು ಮನೋಬಲವೊಂದೇ ಸಾಲದು. ಸೂರು ಬೇಕು, ವೈದ್ಯರು ಬೇಕು.

ಆ ಪುಡಿಗೂ ಒಂದು ಚರಿತ್ರೆಯಿದೆ. 1979ರ ಬಳಿಕ ಇರಾನ್, ಅಫ್ಗಾನಿಸ್ತಾನಗಳಲ್ಲಿ ಎದ್ದ ತಳಮಳದಿಂದ ಹೆರಾಯಿನ್ ಸಾಗುವ ದಾರಿಗಳು ಬದಲಾಗಿ, ಎಂಬತ್ತರ ದಶಕದಲ್ಲಿ ‘ಬ್ರೌನ್ ಶುಗರ್’ ಎಂಬ ಕಳಪೆ ಹೆರಾಯಿನ್ ಮುಂಬೈ ಬೀದಿಗಳನ್ನು ಹೊಕ್ಕಿತು. ಮಾದಕ ವಸ್ತುಗಳನ್ನು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಮಾರಾಟದ ಜೊತೆಗೆ ಸೇವನೆಯನ್ನೂ ಅಪರಾಧವಾಗಿಸಿತು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುವ ಅವಕಾಶ ಸೇರಿದ್ದು 1989ರ ತಿದ್ದುಪಡಿಯಲ್ಲಿ.

ಮಕ್ಕಳ ವಿಷಯದಲ್ಲಿ 1986ರ ಬಾಲನ್ಯಾಯ ಕಾಯ್ದೆ ದೇಶಕ್ಕೆಲ್ಲ ಒಂದೇ ವ್ಯವಸ್ಥೆ ತಂದಿತಾದರೂ ನಿರ್ಗತಿಕ ಮಗುವನ್ನು ಪೊಲೀಸರು ಹಿಡಿದು ತರುವ ಪದ್ಧತಿ ಉಳಿಯಿತು. ಚಿತ್ರದಲ್ಲಿ ಕೃಷ್ಣನನ್ನು ಒಯ್ಯುವುದು ಅಂಥದೇ ಬಾಲಮಂದಿರಕ್ಕೆ. ಆಸರೆಯಾಗಬೇಕಾದ ಜಾಗದಿಂದ ಅವನು ತಪ್ಪಿಸಿಕೊಂಡು ಓಡುತ್ತಾನೆ.

ಬೇರೆ ಬಗೆಯ ಕೆಲಸ ಆಗಲೇ ಆರಂಭವಾಗಿತ್ತು. ಬೆಂಗಳೂರಿನಲ್ಲಿ ‘ಬಾಸ್ಕೊ’ ಸಂಸ್ಥೆ 1980ರಿಂದಲೇ ಬೀದಿ ಮಕ್ಕಳ ನಡುವೆ ಇತ್ತು. ಚಿತ್ರದ ಬೆನ್ನಿಗೇ 1988ರಲ್ಲಿ ಇಂಥ ಮಕ್ಕಳಿಗಾಗಿಯೇ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿತು. 1996ರಲ್ಲಿ ಮುಂಬೈಯಲ್ಲಿ 1098 ಮಕ್ಕಳ ಸಹಾಯವಾಣಿ ಶುರುವಾಯಿತು. ಬೀದಿಯ ಮಕ್ಕಳೇ ಕರೆ ಮಾಡಬಹುದಾಗಿದ್ದದ್ದು ಅದರ ದೊಡ್ಡ ಗುಣ.

ಮಕ್ಕಳಿಂದ ಮಾದಕ ವಸ್ತು ಮಾರಿಸುವ ಬಾಬಾನಂಥವರಿಗೆ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಹೊಸ ಬಾಲನ್ಯಾಯ ಕಾಯ್ದೆ ಹೇಳಿದ್ದು 2015ರಲ್ಲಿ, ಚಿತ್ರ ಬಂದು 27 ವರ್ಷಗಳ ಮೇಲೆ. ಬಾಬಾ ಜೈಲಿಗೆ ಹೋದ ಮರುದಿನ ಚಿಲ್ಲಮ್‌ಗೆ ಹಾಸಿಗೆ, ಔಷಧ, ಆಮೇಲೊಂದು ಕೆಲಸ ಕೊಡುವವರು ಯಾರು ಎಂಬುದನ್ನೂ ಸರ್ಕಾರಗಳು ಅಷ್ಟೇ ಖಚಿತವಾಗಿ ಹೇಳಬೇಕು.