ಕೊಲೆಗೆ ಮೊದಲೇ ಕಂಡ ಕತ್ತಿ: ಮ್ಯಾಕ್‌ಬೆತ್ ಕನ್ನಡಕ್ಕೆ ಬಂದ ದಾರಿ

ಬೆಂಗಳೂರಿನಲ್ಲಿ ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ನಾಟಕ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆಯಲಿ, ರಂಗಶಂಕರದಲ್ಲಿ ನಡೆಯಲಿ, ಆಟ ಮುಗಿದು ಹೊರಬಂದವರ ಮಾತು ಬೇಗನೆ ಒಂದು ಪ್ರಶ್ನೆಯತ್ತ ಹೊರಳುತ್ತದೆ: ತಪ್ಪು ಯಾರದು? ಭವಿಷ್ಯ ನುಡಿದು ಆಸೆ ಹುಟ್ಟಿಸಿದ ಮೂವರು ಮಾಟಗಾತಿಯರದೇ, ಗಂಡನನ್ನು ಚುಚ್ಚಿ ಚುಚ್ಚಿ ಎಬ್ಬಿಸಿದ ಹೆಂಡತಿಯದೇ, ಮನೆಗೆ ಬಂದ ದೊರೆ ಡಂಕನ್‌ನನ್ನು ಕೊಲ್ಲಲು ಕತ್ತಿ ಹಿಡಿದ ಮ್ಯಾಕ್‌ಬೆತ್‌ನದೇ? ಈ ವಾದಕ್ಕೆ ನಾನೂರು ವರ್ಷ ದಾಟಿದೆ. ಅದರಲ್ಲಿ ಸುಮಾರು ನೂರಮೂವತ್ತು ವರ್ಷ ಕನ್ನಡದ ಪಾಲಿಗೂ ಸೇರುತ್ತವೆ.

ಚರಿತ್ರೆಯ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದ ದೊರೆ. ಅವನ ಹಿಂದಿನ ದೊರೆ ಡಂಕನ್ ಸತ್ತದ್ದು ಯುದ್ಧದಲ್ಲಿ, ನೆಂಟನ ಮನೆಯ ಹಾಸಿಗೆಯ ಮೇಲಲ್ಲ. ನಾಟಕ ತೋರಿಸುವಷ್ಟು ಮುದುಕನೂ ಅವನಾಗಿರಲಿಲ್ಲ. ಅಪ್ಪನ ಸಿಂಹಾಸನ ಮಗನಿಗೇ ಎಂಬ ಕಟ್ಟಳೆ ಅಲ್ಲಿ ಇನ್ನೂ ಗಟ್ಟಿಯಾಗದ ಕಾಲ. ರಾಜವಂಶದ ಬೇರೆ ಬೇರೆ ಕವಲಿನವರು ತೋಳ್ಬಲದಿಂದಲೇ ಹಕ್ಕು ಸಾಧಿಸುತ್ತಿದ್ದರು. 1050ರಲ್ಲಿ ರೋಮಿಗೆ ಯಾತ್ರೆ ಹೋಗಿಬರುವಷ್ಟು ಧೈರ್ಯ ಮ್ಯಾಕ್‌ಬೆತ್‌ಗಿತ್ತು ಎಂದರೆ ರಾಜ್ಯ ಅವನ ಹಿಡಿತದಲ್ಲಿತ್ತೆಂದೇ ಅರ್ಥ. ಡಂಕನ್‌ನ ಮಗ ಮಾಲ್ಕಮ್‌ನ ಕಡೆಯವರು ಅವನನ್ನು ಕೊಂದರು, ಮುಂದೆ ಮಾಲ್ಕಮ್‌ನ ವಂಶವೇ ಆಳಿತು. ಗೆದ್ದವರ ಕಾಲದಲ್ಲಿ ಬೆಳೆದ ಕಥೆಗಳಲ್ಲಿ ಸೋತವನು ರಾಕ್ಷಸನಾದ. ಆ ಕಥೆಗಳು ಹೋಲಿನ್‌ಷೆಡ್ ಸಂಪಾದಿಸಿದ ಇತಿಹಾಸ ಗ್ರಂಥಕ್ಕೆ ಸೇರಿದವು; ಶೇಕ್ಸ್‌ಪಿಯರ್ ಓದಿಕೊಂಡದ್ದು ಅದನ್ನು.

ಅವನು ನಾಟಕ ಬರೆದ ಹೊತ್ತೂ ಸಾಮಾನ್ಯದ್ದಲ್ಲ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನಕ್ಕೂ ಬಂದಿದ್ದ. 1605ರ ನವೆಂಬರಿನಲ್ಲಿ ಪಾರ್ಲಿಮೆಂಟಿನ ಅಡಿಗೆ ಸಿಡಿಮದ್ದಿಟ್ಟು ಅವನನ್ನು ಕೊಲ್ಲುವ ಸಂಚು ಬಯಲಾಯಿತು. ನಾಟಕ ಹುಟ್ಟಿದ್ದು ಅದರ ಬೆನ್ನಿಗೇ, 1606ರ ಸುಮಾರಿಗೆ. ಹೋಲಿನ್‌ಷೆಡ್‌ನಲ್ಲಿ ಮ್ಯಾಕ್‌ಬೆತ್‌ನ ಗೆಳೆಯ ಬ್ಯಾಂಕೊ ಡಂಕನ್‌ನ ಕೊಲೆಯ ಸಂಚಿನಲ್ಲಿ ಪಾಲುದಾರ. ಜೇಮ್ಸ್ ತಾನು ಬ್ಯಾಂಕೊನ ವಂಶದವನೆಂದು ನಂಬಿದ್ದ ದೊರೆ. ಹೀಗಾಗಿ ನಾಟಕದ ಬ್ಯಾಂಕೊನ ಕೈಗೆ ರಕ್ತ ಅಂಟಲಿಲ್ಲ. ಆಳುವವನ ಮನಸ್ಸು ನೋಡಿ ಮಾಡಿದ ಬದಲಾವಣೆ ಇದು ಎನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ನಾಟಕಕ್ಕೆ ಅದರಿಂದಾದ ಲಾಭ ದೊಡ್ಡದು: ಪಾಪದಲ್ಲಿ ಪಾಲು ಕೊಡಲು ಮ್ಯಾಕ್‌ಬೆತ್‌ಗೆ ಹೆಂಡತಿಯ ಹೊರತು ಯಾರೂ ಉಳಿಯಲಿಲ್ಲ.

ಇಲ್ಲಿಯೇ ಮಾಟಗಾತಿಯರ ಮೇಲೆ ತಪ್ಪು ಹೊರಿಸುವ ವಾದ ನನಗೆ ಸೋತಂತೆ ಕಾಣುತ್ತದೆ. ನೀನು ದೊರೆಯಾಗುತ್ತೀಯೆ ಎಂದಷ್ಟೇ ಅವರು ಹೇಳುತ್ತಾರೆ, ಕೊಲ್ಲು ಎನ್ನುವುದಿಲ್ಲ. ಕೊಲೆಯ ಚಿತ್ರ ಮ್ಯಾಕ್‌ಬೆತ್‌ನ ತಲೆಯಲ್ಲಿ ತಾನಾಗಿ ಮೂಡುತ್ತದೆ, ಅದನ್ನು ಕಂಡು ಅವನೇ ನಡುಗುತ್ತಾನೆ. ಡಂಕನ್ ತನ್ನ ನೆಂಟ, ತನ್ನ ದೊರೆ, ಅದಕ್ಕೂ ಮಿಗಿಲಾಗಿ ತನ್ನ ಮನೆಗೆ ಬಂದ ಅತಿಥಿ. ಕೊಲ್ಲಲು ಬಂದವನಿಗೆ ಬಾಗಿಲು ಮುಚ್ಚಬೇಕಾದ ತಾನೇ ಕತ್ತಿ ಹಿಡಿಯುವುದೇ ಎಂದು ಲೆಕ್ಕ ಹಾಕುತ್ತಾನೆ. ತನ್ನನ್ನು ಮುಂದಕ್ಕೆ ತಳ್ಳುತ್ತಿರುವುದು ಬರೀ ಮಹತ್ವಾಕಾಂಕ್ಷೆ ಎಂಬುದೂ ಅವನಿಗೆ ಗೊತ್ತು. ಎಲ್ಲ ಗೊತ್ತಿದ್ದೂ ನಡೆಯುತ್ತಾನೆ. ಗಾಳಿಯಲ್ಲಿ ತೇಲುವ ಕತ್ತಿ ಅವನಿಗೆ ಕಾಣುವುದು ಕೊಲೆಗೆ ಮೊದಲು. ಅದರ ಅಲಗಿನ ಮೇಲೆ ರಕ್ತವೂ ಆಗಲೇ ಇದೆ.

ಕನ್ನಡ ಓದಿದವರಿಗೆ ಇದು ಪರಕೀಯವಲ್ಲ. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ ಜೀವಬಲಿಗೆ ಒಪ್ಪುವುದಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಕತ್ತಿ ಬೀಳುತ್ತಲೇ ಹಿಟ್ಟಿನ ಹುಂಜ ಕೂಗುತ್ತದೆ. ಹರಿದದ್ದು ಹನಿ ರಕ್ತವೂ ಇಲ್ಲ, ಆದರೂ ತಾಯಿ ಮಗ ಇಬ್ಬರೂ ನವಿಲಾಗಿ ನಾಯಿಯಾಗಿ ಜನ್ಮ ಜನ್ಮ ಅಲೆಯುತ್ತಾರೆ. ಮನಸ್ಸಿನಲ್ಲಿ ಮಾಡಿದ ಹಿಂಸೆಯೂ ಹಿಂಸೆಯೇ ಎಂದು ಜನ್ನ ಕೊಟ್ಟ ತೀರ್ಪು ಬಹಳ ನಿಷ್ಠುರವಾದದ್ದು. ಏಳು ಶತಮಾನಗಳಾಚೆ, 1980ರಲ್ಲಿ, ಗಿರೀಶ ಕಾರ್ನಾಡರು ಅದನ್ನು 'ಹಿಟ್ಟಿನ ಹುಂಜ' ಎಂಬ ನಾಟಕವಾಗಿಸಿದರು. ನಮ್ಮ ಕಾವ್ಯ ಹೀಗೆ ಮೊದಲೇ ಸಿದ್ಧವಾಗಿತ್ತು, ತಡಮಾಡಿದ್ದು ರಂಗಭೂಮಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ನಾಟಕದ ಪ್ರೇಕ್ಷಕರಿಗೆ ಮಂಗಳದಲ್ಲಿ ಮುಗಿಯುವ ಆಟವೇ ರೂಢಿ. ರೋಮಿಯೋ ಜೂಲಿಯೆಟ್ ಕಥೆ 'ರಾಮವರ್ಮ ಲೀಲಾವತಿ'ಯಾಗಿ ಕನ್ನಡಕ್ಕೆ ಬಂದಾಗ ಸತ್ತ ಪ್ರೇಮಿಗಳು ದೈವಕೃಪೆಯಿಂದ ಎದ್ದು ಕೂತರು. ಅಂಥ ದಿನಗಳಲ್ಲಿ, 1895ರಲ್ಲಿ, ಎಂ.ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್ ಕಥೆಗೆ ದೇಶೀ ಉಡುಪು ತೊಡಿಸಿ 'ಪ್ರತಾಪರುದ್ರದೇವ' ಬರೆದರು. ದೊರೆಯ ಪಾಪವನ್ನು ನಾಟಕದ ನಡುಮನೆಗೆ ತಂದದ್ದಕ್ಕೆ ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂದೇ ನನ್ನ ಭಾವನೆ.

1936ರಲ್ಲಿ ಬೆಂಗಳೂರಿನ ಡಿ.ವಿ. ಗುಂಡಪ್ಪನವರು ವೇಷಾಂತರ ಮಾಡದೆ ಮೂಲದ ಹೆಸರಲ್ಲೇ ಮ್ಯಾಕ್‌ಬೆತ್ ಅನುವಾದಿಸಿದರು. ಡಿವಿಜಿ ಪತ್ರಕರ್ತರು, ದಿವಾನರನ್ನು, ಹುದ್ದೆಗಾಗಿ ಹಾತೊರೆಯುವವರನ್ನು ಹತ್ತಿರದಿಂದ ನೋಡಿದವರು, ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದವರು. ಕನ್ನಡಕ್ಕೆ ತರಲು ಅವರು ಈ ನಾಟಕವನ್ನು ಆರಿಸಿಕೊಂಡದ್ದು ಸಹಜವೆನ್ನಿಸುತ್ತದೆ. ಮುಂದೆ ರಾಮಚಂದ್ರ ದೇವರೂ ಅನುವಾದಿಸಿದರು. 1979ರಲ್ಲಿ ಬಿ.ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿ ತಂಡಕ್ಕೆ ಹಿಂದಿಯಲ್ಲಿ 'ಬರ್ನಮ್ ವನ' ಎಂಬ ಹೆಸರಲ್ಲಿ ಮ್ಯಾಕ್‌ಬೆತ್ ಮಾಡಿಸಿ, ಸ್ಕಾಟ್ಲೆಂಡಿನ ದೊರೆಗೆ ಯಕ್ಷಗಾನದ ಹೆಜ್ಜೆ ಹಾಕಿಸಿದರು.

ಇಷ್ಟರ ನಡುವೆ ನನ್ನನ್ನು ಹೆಚ್ಚು ಕಾಡುವುದು ನಿದ್ದೆಯ ವಿಷಯ. ಡಂಕನ್‌ನನ್ನು ಕೊಂದು ಬಂದವನಿಗೆ, ಮ್ಯಾಕ್‌ಬೆತ್ ನಿದ್ದೆಯನ್ನೇ ಕೊಂದ ಎಂಬ ಕೂಗು ಕೇಳಿಸುತ್ತದೆ. ಆಗ ಹೆಂಡತಿ ಗಟ್ಟಿಗಿತ್ತಿ: ಸ್ವಲ್ಪ ನೀರು ಸಾಕು, ತೊಳೆದುಹೋಗುತ್ತದೆ ಎನ್ನುತ್ತಾಳೆ. ಕೊನೆಯ ಅಂಕದ ಹೊತ್ತಿಗೆ ಇಬ್ಬರೂ ಅದಲುಬದಲು. ಅವಳು ನಿದ್ದೆಯಲ್ಲಿ ನಡೆಯುತ್ತ ಕೈ ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಅವನೋ ತನಗೆ ಎದುರಾದ ಸರದಾರ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳನ್ನು ಕೊಲ್ಲಿಸಿಯೂ ಕದಲುವುದಿಲ್ಲ, ರಾತ್ರಿಯ ಚೀರಾಟಕ್ಕೆ ಮೈ ನಡುಗುತ್ತಿದ್ದ ಕಾಲ ಹೋಯಿತು ಎನ್ನುತ್ತಾನೆ. ತಾನೇ ಕೊಲ್ಲಿಸಿದ ಬ್ಯಾಂಕೊನ ಪ್ರೇತ ಕಂಡು ಔತಣದ ನಡುವೆ ಕಿರುಚಿದ ಮನುಷ್ಯ ಇನ್ನೂ ಸ್ವಲ್ಪ ಜೀವಂತ. ಮಕ್ಕಳ ಕೊಲೆಗೆ ಅವನಿಗೆ ಯಾವ ಪ್ರೇತವೂ ಕಾಣಿಸದಿರುವುದು ಅದಕ್ಕಿಂತ ಘೋರ.

ಕಾರ್ನಾಡರ 'ತುಘಲಕ್' (1964) ಈ ಘೋರವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ತಂದೆಯನ್ನೂ ತಮ್ಮನನ್ನೂ ಕೊಲ್ಲಿಸಿದ ಎಂಬ ಆರೋಪ ಹೊತ್ತ ಸುಲ್ತಾನ, ನಿದ್ದೆಯೇ ಬೇಡ ಎನ್ನುವ ಆದರ್ಶವಾದಿ. ಕೊನೆಗೆ, ರಾಜಧಾನಿಯೂ ನಾಣ್ಯವೂ ಪ್ರಜೆಗಳೂ ಹಾಳಾದ ಮೇಲೆ, ಐದು ವರ್ಷ ದೂರವಿದ್ದ ನಿದ್ದೆ ಅವನಿಗೆ ಸಿಂಹಾಸನದ ಮೇಲೆಯೇ ಬರುತ್ತದೆ. ಬೆಂಗಳೂರಿನ ನಟರಂಗ ತಂಡದಲ್ಲಿ ಸಿ.ಆರ್. ಸಿಂಹ ಆಡಿದ ತುಘಲಕ್‌ನನ್ನು ಇಲ್ಲಿನ ಹಳೆಯ ಪ್ರೇಕ್ಷಕರು ಇಂದಿಗೂ ನೆನೆಯುತ್ತಾರೆ. ಮ್ಯಾಕ್‌ಬೆತ್‌ನ ನಿದ್ದೆಗೇಡಿಗಿಂತ ತುಘಲಕ್‌ನ ನಿದ್ದೆ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ.

ಲೇಡಿ ಮ್ಯಾಕ್‌ಬೆತ್ ಕೈ ತೊಳೆಯುತ್ತ ಆಡುವ ಮಾತುಗಳಲ್ಲಿ ಒಂದು ಹೀಗಿದೆ: ನಮ್ಮ ಅಧಿಕಾರವನ್ನು ಕೇಳುವವರೇ ಇಲ್ಲದ ಮೇಲೆ ಯಾರಿಗೆ ಗೊತ್ತಾದರೇನು? ಅವರು ಸಿಂಹಾಸನ ಬಯಸಿದ್ದಕ್ಕೆ ಇದಕ್ಕಿಂತ ಸ್ಪಷ್ಟ ಕಾರಣ ನಾಟಕದಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಎಚ್.ಎಸ್. ಶಿವಪ್ರಕಾಶರು ಮ್ಯಾಕ್‌ಬೆತ್‌ನನ್ನು 'ಮಾರನಾಯಕ'ನಾಗಿಸಿದರು. ಹುಲುಗಪ್ಪ ಕಟ್ಟೀಮನಿ ಅದನ್ನು ಮೈಸೂರು ಜೈಲಿನ ಕೈದಿಗಳಿಂದ ಆಡಿಸಿದರು. ಕೇಳುವವರಿಲ್ಲ ಎಂಬ ಭರವಸೆ ಆ ನಟರಿಗೆ ಇಲ್ಲ. ನ್ಯಾಯಾಲಯ ಕೇಳಿಯಾಗಿದೆ, ಶಿಕ್ಷೆಯ ವರ್ಷಗಳು ಲೆಕ್ಕಕ್ಕೆ ಸಿಕ್ಕಿವೆ. ಅವರೆದುರು ಉಳಿಯುವುದು ಮ್ಯಾಕ್‌ಬೆತ್ ವೈದ್ಯನನ್ನು ಕೇಳುವ ಪ್ರಶ್ನೆ: ನೆನಪಿನಲ್ಲಿ ಬೇರುಬಿಟ್ಟ ದುಃಖವನ್ನು ನೀನು ಕಿತ್ತು ತೆಗೆಯಬಲ್ಲೆಯಾ? ಅದು ರೋಗಿಯ ಕೈಯಲ್ಲೇ ಇದೆ ಎಂದು ವೈದ್ಯ ಹೇಳಿದಾಗ, ಹಾಗಾದರೆ ನಿನ್ನ ಔಷಧವನ್ನು ನಾಯಿಗೆ ಹಾಕು ಎಂದು ಸಿಡುಕಿ ಮ್ಯಾಕ್‌ಬೆತ್ ಯುದ್ಧದ ಕವಚ ತರಿಸುತ್ತಾನೆ.