ಓದುಗರ ಪ್ರಶ್ನೆ: ಒಂದು ಸಿಗರೇಟೂ ಸೇದಿಲ್ಲ, ಸಿಒಪಿಡಿ ಹೇಗೆ ಬಂತು?

ಪ್ರಶ್ನೆ: ನನಗೆ ಅರವತ್ತು ದಾಟಿದೆ. ಬೆಂಗಳೂರಿಗೆ ಬಂದು ಮೂರು ದಶಕಗಳಾದವು. ನಮ್ಮ ಮನೆಯಲ್ಲಿ ಯಾರೂ ಬೀಡಿ, ಸಿಗರೇಟು ಮುಟ್ಟುವವರಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಎದ್ದರೆ ಕಫ. ಡಾಕ್ಟರು ಸಿಒಪಿಡಿ ಎಂದರು, ಅಂದರೆ ಗಾಳಿನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಂತೆ. ಅದು ಸಿಗರೇಟು ಸೇದುವವರ ಕಾಯಿಲೆ ಅಲ್ಲವೇ?

ಇದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ, ಹೆಚ್ಚಾಗಿ ಹೆಂಗಸರಿಂದ. ವರದಿ ನೋಡಿದವರು ಏನೆಂದುಕೊಂಡಾರು ಎಂಬ ಮುಜುಗರವೂ ಅದರಲ್ಲಿ ಇಣುಕುತ್ತಿರುತ್ತದೆ. ಆ ಮುಜುಗರವನ್ನು ಇಲ್ಲಿಗೇ ಬಿಟ್ಟುಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳ ಸಿಒಪಿಡಿ ಪ್ರಕರಣಗಳಲ್ಲಿ ಶೇ 70ಕ್ಕೂ ಹೆಚ್ಚಿನವಕ್ಕೆ ಧೂಮಪಾನ ಕಾರಣ. ನಮ್ಮಂಥ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಆ ಪಾಲು ಶೇ 30ರಿಂದ 40 ಅಷ್ಟೇ. ಉಳಿದ ಕಾರಣಗಳ ಸಾಲಿನಲ್ಲಿ ಎದ್ದು ಕಾಣುವುದು ಮನೆಯೊಳಗಿನ ಹೊಗೆ. ಸೇದದವರ ಸಿಒಪಿಡಿ ಇಲ್ಲಿ ಅಪರೂಪವೇನಲ್ಲ.

ನೀವು ಬೆಳೆದ ಮನೆಯ ಅಡುಗೆಕೋಣೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಇಂದು ರಾಜಾಜಿನಗರದಲ್ಲೋ ಯಲಹಂಕದಲ್ಲೋ ಗ್ಯಾಸ್ ಒಲೆಯ ಮುಂದೆ ನಿಂತಿರುವ ಆ ವಯಸ್ಸಿನ ಹೆಂಗಸರಲ್ಲಿ ಅನೇಕರು ಹಾಸನ, ಮಂಡ್ಯ, ತುಮಕೂರು ಕಡೆಯ ಹಳ್ಳಿಗಳಿಂದ ಮದುವೆಯಾಗಿ ಬಂದವರು. ಅಲ್ಲಿ ಅಡುಗೆಗೆ ಸೌದೆ ಒಲೆ, ಸ್ನಾನದ ನೀರಿಗೆ ಬಚ್ಚಲುಮನೆಯ ಹಂಡೆ ಒಲೆ. ಉರುವಲಿಗೆ ತೆಂಗಿನ ಗರಿ, ಮಟ್ಟೆ, ಬೆರಣಿ, ಮಳೆಗಾಲದಲ್ಲಿ ಅರೆಹಸಿ ಸೌದೆ. ಬೆಂಕಿ ಹತ್ತದಿದ್ದರೆ ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಬಗ್ಗಬೇಕು. ಜೋರಾಗಿ ಊದಬೇಕೆಂದರೆ ಮೊದಲು ಎದೆ ತುಂಬ ಉಸಿರೆಳೆದುಕೊಳ್ಳಲೇಬೇಕು. ಆ ಉಸಿರು ಬರುವುದು ಅದೇ ಒಲೆಯ ಮುಂದಿನ ಹೊಗೆಯಿಂದ. ಕಣ್ಣಲ್ಲಿ ನೀರು ಸುರಿದದ್ದು ಎಲ್ಲರಿಗೂ ಕಂಡಿತು, ಎದೆಗೆ ಇಳಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಲಂಗ ಉಡುವ ವಯಸ್ಸಿನಿಂದ ಮದುವೆಯವರೆಗೆ, ಕೆಲವರಿಗೆ ಮದುವೆಯಾದ ಮೇಲೂ, ದಿನಕ್ಕೆರಡು ಹೊತ್ತು ಇದು ನಡೆದಿದೆ. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು. ಆಗಿಹೋದ ಹಾನಿ ಮಾತ್ರ ಪೂರ್ತಿ ಸರಿಹೋಗುವಂಥದ್ದಲ್ಲ.

ಸೌದೆಯದಾಗಲಿ, ತಂಬಾಕಿನದಾಗಲಿ, ಡೀಸೆಲ್‌ನದಾಗಲಿ, ಹೊಗೆಯಲ್ಲಿರುವ ಸೂಕ್ಷ್ಮ ಕಣಗಳು ಮೂಗು, ಗಂಟಲಿನ ಕಾವಲನ್ನು ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವನ್ನು ಹೊರಹಾಕಲು ದೇಹ ಮಾಡುವ ಹೋರಾಟ ವರ್ಷಗಟ್ಟಲೆ ನಿಲ್ಲದಿದ್ದಾಗ ಉರಿಯೂತ ಅಲ್ಲೇ ನೆಲೆಯೂರುತ್ತದೆ. ಸಣ್ಣ ಗಾಳಿನಾಳಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ, ಗಾಳಿಚೀಲಗಳ ನಡುವಿನ ತೆಳುಗೋಡೆಗಳು ಹರಿದು ಅವುಗಳ ಬಿಗಿ ಸಡಿಲವಾಗುತ್ತದೆ. ಉಸಿರು ಎಳೆಯಲು ಆಗುವುದಿಲ್ಲ ಎಂದು ರೋಗಿ ದೂರುತ್ತಾರೆ. ವಾಸ್ತವದಲ್ಲಿ ಹಳೆಯ ಗಾಳಿ ಹೊರಗೆ ಹೋಗದೆ ಒಳಗೇ ಸಿಕ್ಕಿಕೊಂಡಿರುತ್ತದೆ, ಹೊಸದಕ್ಕೆ ಜಾಗವಿರುವುದಿಲ್ಲ.

ಇನ್ನೊಂದು ಸಂಗತಿ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಶ್ವಾಸಕೋಶದ ಸಾಮರ್ಥ್ಯ ಇಪ್ಪತ್ತು, ಇಪ್ಪತ್ತೈದರ ಪ್ರಾಯದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಆಮೇಲೆ ಆರೋಗ್ಯವಂತರಲ್ಲೂ ವರ್ಷದಿಂದ ವರ್ಷಕ್ಕೆ ತುಸು ತುಸು ಕರಗುತ್ತದೆ. ಇಡುಗಂಟೇ ಚಿಕ್ಕದಾಗಿದ್ದರೆ ದುಂದುವೆಚ್ಚವಿಲ್ಲದೆಯೂ ಅದು ಬೇಗ ಖಾಲಿಯಾಗುತ್ತದೆ. ಕಡಿಮೆ ತೂಕದಲ್ಲಿ ಹುಟ್ಟಿದವರು, ಎಳವೆಯಲ್ಲಿ ಪದೇ ಪದೇ ನ್ಯುಮೋನಿಯಾ ಆದವರು, ಹೊಗೆಮನೆಯಲ್ಲಿ ಬೆಳೆದವರು ಇಂಥ ಚಿಕ್ಕ ಇಡುಗಂಟಿನೊಂದಿಗೆ ಪ್ರಾಯಕ್ಕೆ ಬರುತ್ತಾರೆ. 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಒಪಿಡಿ ಬಂದವರ ಪೈಕಿ ಸುಮಾರು ಅರ್ಧದಷ್ಟು ಜನರ ಶ್ವಾಸಕೋಶದ ಶಕ್ತಿ ನಲವತ್ತಕ್ಕೆ ಮೊದಲೇ ಕಡಿಮೆಯಿತ್ತು. ಹೀಗಾಗಿ ಈ ಕಾಯಿಲೆಯ ತಡೆ ಗರ್ಭಿಣಿಯ ಊಟದಿಂದ, ಮಗುವಿನ ಲಸಿಕೆಯಿಂದ ಶುರುವಾಗಬೇಕು ಎನ್ನುವುದು ಉತ್ಪ್ರೇಕ್ಷೆಯಲ್ಲ.

ಹಿಂದೆ ಕ್ಷಯ ಬಂದು ವಾಸಿಯಾದವರಲ್ಲೂ, ಬಹುಕಾಲ ಸರಿಯಾದ ಚಿಕಿತ್ಸೆ ಇಲ್ಲದೆ ಉಬ್ಬಸ ಅನುಭವಿಸಿದವರಲ್ಲೂ ಅಪಾಯ ಹೆಚ್ಚು. ವಂಶವಾಹಿಯಿಂದ ಬರುವುದೂ ಉಂಟು, ಅದು ಅಪರೂಪ. ವೃತ್ತಿಯ ಮಾತು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಈ ಊರಿನಲ್ಲಿ ಕಟ್ಟಡ ಕೆಲಸ ನಡೆಯದ ಬೀದಿಯೇ ಇಲ್ಲ. ಗ್ರಾನೈಟ್ ಅಥವಾ ಟೈಲ್ಸ್ ಕೊಯ್ಯುವ ಹುಡುಗನನ್ನು ನೋಡಿ: ಯಂತ್ರ ಕಿರುಚುತ್ತದೆ, ಬಿಳಿ ದೂಳು ಹೊಗೆಯಂತೆ ಏಳುತ್ತದೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತವೆ, ಮೂಗಿಗೆ ಟವೆಲ್ ಸುತ್ತಿಕೊಂಡಿರುತ್ತಾನೆ. ಕಣ್ಣಿಗೆ ಕಾಣುವ ದೂಳನ್ನು ಟವೆಲ್ ಒಂದಿಷ್ಟು ತಡೆದೀತು. ಶ್ವಾಸಕೋಶವನ್ನು ಕೆಡಿಸುವ ಸಿಲಿಕಾ ಎಂಬ ನವಿರಾದ ಕಲ್ಲಿನ ದೂಳು ಅದರ ಎಳೆಗಳ ನಡುವೆ ಸರಾಗವಾಗಿ ನುಸುಳುತ್ತದೆ. ಇದರಿಂದ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬರುತ್ತದೆ, ಸಿಒಪಿಡಿಯೂ ಬರುತ್ತದೆ. ಕೊಯ್ಯುವಾಗ ಗರಗಸದ ಮೇಲೆ ನೀರು ಬಿಟ್ಟರೆ ದೂಳು ಬಹುಪಾಲು ಅಲ್ಲೇ ಕೂರುತ್ತದೆ. ಲಕ್ಷಗಟ್ಟಲೆ ಸುರಿದು ನೆಲಹಾಸು ಹಾಕಿಸುವ ನಾವು ಈ ಒಂದು ಪೈಪಿನ ಬಗ್ಗೆ ಗುತ್ತಿಗೆದಾರನನ್ನು ಕೇಳುವುದಿಲ್ಲ. ಮದುವೆ ಛತ್ರಗಳಲ್ಲಿ ಸೌದೆ ಒಲೆಯ ಮುಂದೆ ಬೇಯುವ ಅಡುಗೆ ಭಟ್ಟರು, ಮುಂಜಾನೆ ರಸ್ತೆ ಗುಡಿಸುವ ಪೌರಕಾರ್ಮಿಕರು, ವೆಲ್ಡಿಂಗ್ ಮಾಡುವವರು ಇದೇ ಸಾಲಿನವರು.

ಬೆಂಗಳೂರಿನ ಗಾಳಿ ದೆಹಲಿಯಷ್ಟು ಕೆಟ್ಟಿಲ್ಲ ಎಂಬುದು ನಿಜ. ಆದರೆ ಆ ಹೋಲಿಕೆಯೇ ನಮ್ಮನ್ನು ಮೈಮರೆಸಿದೆ. ಪಿಎಂ 2.5 ಎಂಬ, ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳಿಗೆ ಭಾರತದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ನಮ್ಮ ಮಾನದಂಡದಲ್ಲಿ ಪಾಸಾದ ಗಾಳಿ ಆ ಮಾನದಂಡದಲ್ಲಿ ಹಲವು ಪಟ್ಟು ಫೇಲಾಗಬಹುದು. ಅಲ್ಲದೆ ಮಾಪನ ಕೇಂದ್ರದ ಅಂಕಿ ಇಡೀ ಪ್ರದೇಶದ್ದು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಲಾರಿಯ ಹೊಗೆಕೊಳವೆಯ ಹಿಂದೆ ಸ್ಕೂಟರ್ ನಿಲ್ಲಿಸಿಕೊಂಡವರ ಮೂಗಿಗೆ ಹೋಗುವುದು ಬೇರೆಯೇ. ನಗರದ ವಾಹನಗಳ ಸಂಖ್ಯೆ ಕೋಟಿ ದಾಟಿದೆ, ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ. ಸವಾರರು ಸರಿಯಾಗಿ ಮುಖಕ್ಕೆ ಕೂರುವ ಎನ್95 ಮಾಸ್ಕ್ ಹಾಕಿಕೊಂಡರೆ ಕಣಗಳ ಮಟ್ಟಿಗೆ ಪ್ರಯೋಜನವಿದೆ, ಕರವಸ್ತ್ರದಿಂದ ಅಷ್ಟು ಇಲ್ಲ. ಬೆಳಗಿನ ನಡಿಗೆಯನ್ನು ಮುಖ್ಯರಸ್ತೆಯಿಂದ ಉದ್ಯಾನದ ಒಳಗೆ ಸರಿಸಿ. ಡಿಸೆಂಬರ್, ಜನವರಿಯ ಮುಂಜಾನೆ ಹೊಗೆ ನೆಲಮಟ್ಟದಲ್ಲೇ ತಂಗಿರುವುದರಿಂದ ಬಿಸಿಲು ಏರಿದ ಮೇಲೆ ಹೊರಡುವುದು ಲೇಸು. ಬೀದಿ ಮೂಲೆಯಲ್ಲಿ ಒಣ ಎಲೆ, ಕಸ ಗುಡ್ಡೆ ಹಾಕಿ ಬೆಂಕಿ ಇಡುವುದನ್ನು ಘನತ್ಯಾಜ್ಯ ನಿಯಮಗಳು ನಿಷೇಧಿಸಿವೆ. ದೂರು ಕೊಡಲು ಹಿಂಜರಿಯಬೇಡಿ.

ಇನ್ನು ಮನೆಯೊಳಗೆ ಬನ್ನಿ. ಸಿಗರೇಟು ಕಂಡರೆ ಮೂಗು ಮುಚ್ಚುವ ಮನೆಗಳಲ್ಲೇ ಮಂಚದ ಕೆಳಗೆ ಸೊಳ್ಳೆಬತ್ತಿಯ ಸುರುಳಿ ರಾತ್ರಿಯಿಡೀ ಉರಿಯುತ್ತದೆ, ಕಿಟಕಿ ಮುಚ್ಚಿರುತ್ತದೆ. ಒಂದು ಸುರುಳಿ ಪೂರ್ತಿ ಉರಿದಾಗ ಬರುವ ಪಿಎಂ 2.5 ಪ್ರಮಾಣ 75ರಿಂದ 137 ಸಿಗರೇಟುಗಳಿಂದ ಬರುವಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕಹಾಕಿತ್ತು. ಸಿಗರೇಟಿನ ಎಲ್ಲ ವಿಷವೂ ಅದರಲ್ಲಿದೆ ಎಂದು ಇದರರ್ಥವಲ್ಲ. ಕಣಗಳ ಲೆಕ್ಕವೇ ಸಾಕಷ್ಟು ಗಾಬರಿ ಹುಟ್ಟಿಸುತ್ತದೆ. ಸೊಳ್ಳೆಪರದೆ ಹಳೆಯ ಕಾಲದ್ದೆಂದು ಮೂಗು ಮುರಿಯಬೇಡಿ. ಊದಿನಕಡ್ಡಿ, ಸಾಂಬ್ರಾಣಿ ಬಿಡಲಾಗದಿದ್ದರೆ ಕಿಟಕಿಯನ್ನಾದರೂ ತೆರೆದಿಡಿ. ಮೆಣಸಿನಕಾಯಿ ಒಗ್ಗರಣೆಗೆ ಮನೆಯವರೆಲ್ಲ ಕೆಮ್ಮುವ ತನಕ ಎಕ್ಸಾಸ್ಟ್ ಫ್ಯಾನಿನ ನೆನಪಾಗದವರೂ ಇದ್ದಾರೆ. ಬಾಲ್ಕನಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕಿ ಪುಣ್ಯ ಕಟ್ಟಿಕೊಳ್ಳುವವರಿಗೆ ಒಂದು ಮಾತು: ಅವುಗಳ ಹಿಕ್ಕೆ, ಗರಿಗಳ ದೂಳಿನಿಂದ ಕೆಲವರಲ್ಲಿ ಶ್ವಾಸಕೋಶವೇ ಗಟ್ಟಿಯಾಗುವ ಅಲರ್ಜಿ ಬರುತ್ತದೆ. ಅದು ಸಿಒಪಿಡಿಯಲ್ಲ, ಬೇರೆ ರೋಗ; ದೀರ್ಘಕಾಲದ್ದೇ.

ಇಷ್ಟು ಹೇಳಿದ್ದು ಸಿಗರೇಟಿಗೆ ಖುಲಾಸೆ ಕೊಡಲಿಕ್ಕಲ್ಲ. ಸೇದುವವರಿಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿಲ್ಲ, ಬೀಡಿ ಸಣ್ಣದೆಂದು ಅದರ ಹಾನಿಯೂ ಸಣ್ಣದಲ್ಲ. ಯಾವ ವಯಸ್ಸಿನಲ್ಲಿ ಬಿಟ್ಟರೂ ಶ್ವಾಸಕೋಶ ಸವೆಯುವ ವೇಗ ತಗ್ಗುತ್ತದೆ. ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಬಹುದು. ಹುಕ್ಕಾ ನಿರಪಾಯಕಾರಿ ಎಂದು ನಂಬಿರುವ ಕಾಲೇಜು ಹುಡುಗರಿಗೆ, ರಾಜ್ಯ ಸರ್ಕಾರ ಅದನ್ನು 2024ರಲ್ಲಿ ನಿಷೇಧಿಸಿದ್ದು ಸುಮ್ಮನೆ ಅಲ್ಲ ಎಂದಷ್ಟೇ ಹೇಳಬಹುದು.

ಈಗ ನಿಮ್ಮ ವರದಿಯ ವಿಷಯ. ಎದೆಯ ಎಕ್ಸ್‌ರೇ ನೋಡಿ ಅಥವಾ ಸ್ಟೆತಾಸ್ಕೋಪ್ ಇಟ್ಟು ಮಾತ್ರ ಸಿಒಪಿಡಿ ಎಂದಿದ್ದರೆ ಅದನ್ನು ಖಚಿತವೆಂದು ಒಪ್ಪಬೇಡಿ. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯಾಗಬೇಕು. ಮೂಗಿಗೆ ಕ್ಲಿಪ್ ಹಾಕಿ, ಉಸಿರು ತುಂಬಿಕೊಂಡು, ಕೊಳವೆಯೊಳಗೆ ಒಂದೇ ಏಟಿಗೆ ಜೋರಾಗಿ ಊದಬೇಕು. ಪಕ್ಕದಲ್ಲಿ ನಿಂತ ತಂತ್ರಜ್ಞರು ‘ಊದಿ, ಊದಿ, ನಿಲ್ಲಿಸಬೇಡಿ’ ಎಂದು ಕೂಗುತ್ತಲೇ ಇರುತ್ತಾರೆ. ಕನಿಷ್ಠ ಮೂರು ಸಲ ಊದಿಸಿ, ಗಾಳಿನಾಳ ಹಿಗ್ಗಿಸುವ ಔಷಧಿ ಕೊಟ್ಟು, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಆಮೇಲೂ, ಒಟ್ಟು ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು ಶೇ 70ಕ್ಕಿಂತ ಕಡಿಮೆಯಿದ್ದರೆ ಸಿಒಪಿಡಿ ಎನ್ನಲು ಆಧಾರವಿದೆ. ಔಷಧಿಯ ನಂತರ ಅಂಕಿ ಸಾಮಾನ್ಯ ಮಟ್ಟಕ್ಕೆ ಬಂದುಬಿಟ್ಟರೆ ಅಸ್ತಮಾ ಇರಬಹುದು, ಅದರ ಚಿಕಿತ್ಸೆಯ ದಾರಿ ಬೇರೆ.

ನೀವು ಬೇಗ ತೋರಿಸಿಕೊಂಡಿರಿ, ಒಳ್ಳೆಯದಾಯಿತು. ಅಪಾರ್ಟ್‌ಮೆಂಟಿನ ಲಿಫ್ಟ್, ಬಾಗಿಲಿಗೇ ಬರುವ ಆಟೊ ಇವೆಲ್ಲ ಏದುಸಿರನ್ನು ವರ್ಷಗಟ್ಟಲೆ ಮರೆಮಾಡುತ್ತವೆ. ಎಂದೋ ಒಂದು ದಿನ ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಕೆಟ್ಟು ಮೆಟ್ಟಿಲು ಹತ್ತಬೇಕಾದಾಗಲೇ ಸುಳಿವು ಸಿಗುತ್ತದೆ, ಆಗಲೂ ‘ವಯಸ್ಸಾಯಿತು’ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಓರಗೆಯವರೊಂದಿಗೆ ಸಮತಟ್ಟಾದ ದಾರಿಯಲ್ಲಿ ಹೆಜ್ಜೆ ಹಾಕಲಾಗದೆ ಹಿಂದೆ ಬೀಳುವುದು ವಯಸ್ಸಿನ ಲಕ್ಷಣವಲ್ಲ, ಅವರಿಗೂ ಅಷ್ಟೇ ವಯಸ್ಸಾಗಿದೆ.

ರೋಗ ಖಚಿತವಾದರೆ ಇನ್‌ಹೇಲರ್ ಬರೆದುಕೊಡುತ್ತಾರೆ. ಅದು ಚಟವಾಗುತ್ತದೆ, ಕೊನೆಯ ಘಟ್ಟದವರಿಗೆ ಕೊಡುವಂಥದ್ದು ಎಂಬ ಮಾತುಗಳಿಗೆ ಕಿವಿಗೊಡಬೇಡಿ. ಮಾತ್ರೆಗಿಂತ ಎಷ್ಟೋ ಕಡಿಮೆ ಪ್ರಮಾಣದ ಔಷಧಿ ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಹೇಗೆ ಎಳೆಯಬೇಕೆಂದು ಡಾಕ್ಟರ ಎದುರಿಗೇ ಮಾಡಿ ತೋರಿಸಿ, ತಪ್ಪಾಗಿ ಬಳಸುವವರೇ ಹೆಚ್ಚು. ಫ್ಲೂ ಲಸಿಕೆ ಪ್ರತಿವರ್ಷ ಬೇಕು, ನ್ಯುಮೋನಿಯಾ ತಡೆಗೆ ಕೊಡುವ ನ್ಯುಮೋಕಾಕಲ್ ಲಸಿಕೆಯ ಬಗ್ಗೆಯೂ ಕೇಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಎದೆರೋಗಕ್ಕೆಂದೇ ಇರುವುದು ಸೋಮೇಶ್ವರನಗರದ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಊದುವ ಪರೀಕ್ಷೆಗೆ ಎಲ್ಲಿಗೆ ಹೋದರೂ ಹೊಟ್ಟೆ ಬಿರಿಯುವಂತೆ ಉಂಡು ಹೋಗಬೇಡಿ, ಸಡಿಲ ಉಡುಪು ತೊಡಿ. ಈಗಾಗಲೇ ಇನ್‌ಹೇಲರ್ ಬಳಸುತ್ತಿದ್ದರೆ ಎಷ್ಟು ಗಂಟೆ ಮೊದಲು ನಿಲ್ಲಿಸಬೇಕೆಂದು ಮುಂಚಿತವಾಗಿಯೇ ವಿಚಾರಿಸಿಕೊಳ್ಳಿ.